ಮರಳವಾಡಿಯಲ್ಲಿ ಮರುಭೂಮಿ

ಕಾಲಿದ್ದಷ್ಟು ಹಾಸಿಗೆ ಚಾಚು ಅಂತ ಹಿರಿಯರು ಹೇಳಿದ್ದಾರೆ. ಏನು, ಗಾದೆ ಹಾಗಿಲ್ಲವಾ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾ? ಸರಿ, ಚಾಚಿ. ನೀವು ಚಾಚಿದ ಮೇಲೆ ಹಾಸಿಗೆಯೇ ಮುದುರಿಕೊಂಡುಬಿಟ್ಟರೆ ಏನು ಮಾಡ್ತೀರಿ? ನಗಬೇಡಿ. ಇದು ನಡೆದ ಕತೆ. ಇದರಲ್ಲಿ ಒಂದೇ ಒಂದು ಸುಳ್ಳಿದ್ದರೂ ನನ್ನನ್ನು ಒಂಟೆಯ ಬಾಲಕ್ಕೆ ಕಟ್ಟಿ.

"ಹಲೋ? ಕವನಾನಾ? ಹ್ಞೂಂ... ನಾನು ದ್ರಾಕ್ಷಾಯಿಣಿ ಮಿಸ್ ಮಾತಾಡ್ತಾ ಇದೀನಿ. ತಿಳೀತಾ?"

ಮಾತಾಡುತ್ತಿದ್ದದ್ದು ಮಿಸ್ ಅಲ್ಲ. ಐದನೇ ಕ್ಲಾಸಿನ ನಯನ. ಅವ್ವನ ಫೋನು ಎತ್ತಿಕೊಂಡು ಬಂದು ಹುಲ್ಲಿನ ಮೆದೆಯ ಹಿಂದೆ ಕೂತಿದ್ದಳು. ಮಿಸ್ ಯಾವ ಮಾತಿಗೂ ಮೊದಲು ಮೂಗಿನಲ್ಲಿ "ಹ್ಞೂಂ" ಅನ್ನುತ್ತಾರೆ, ಕೊನೆಗೆ "ತಿಳೀತಾ?" ಅನ್ನುತ್ತಾರೆ. ನಯನಳಿಗೆ ಅದೆಲ್ಲ ನೀರು ಕುಡಿದಷ್ಟು ಸಲೀಸು. ಕುಕ್ಕರಿನ ವಿಶಲ್ಲು, ಕನಕಪುರ ಬಸ್ಸಿನ ಕಂಡಕ್ಟರು, ಆಗತಾನೆ ಹುಟ್ಟಿದ ಕುರಿಮರಿ, ಯಾವುದು ಬೇಕಾದರೂ ಅವಳ ಗಂಟಲಲ್ಲಿ ಸಿಗುತ್ತಿತ್ತು.

"ಹೇಳಿ ಮಿಸ್," ಅಂದಳು ಆ ಕಡೆಯಿಂದ ಕವನ. ಅವಳ ಅಮ್ಮನ ಬಟನ್ ಫೋನಿನ ಡಿಸ್‌ಪ್ಲೇ ಒಡೆದು ತಿಂಗಳಾಗಿತ್ತು. ಯಾರು ಕರೆ ಮಾಡಿದರೂ ಹೆಸರು ಕಾಣುತ್ತಿರಲಿಲ್ಲ. ಅದು ನಯನಳಿಗೆ ಚೆನ್ನಾಗಿ ಗೊತ್ತಿತ್ತು.

"ಹ್ಞೂಂ... ನಾಳೆ ಕ್ಯಾಂಪಿಗೆ ಹೊದೆಯೋಕೆ ಏನು ತರ್ತೀಯೋ ಅದನ್ನ ಇವತ್ತೇ ಕುದಿಯೋ ನೀರಲ್ಲಿ ಹಾಕಿ, ಶಾಂಪೂ ಸುರಿದು, ಚೆನ್ನಾಗಿ ತುಳೀಬೇಕು. ನೀಟ್‌ನೆಸ್ಸು! ತಿಳೀತಾ?"

"ತಿಳೀತು ಮಿಸ್."

ಫೋನ್ ಇಟ್ಟು ನಯನ ಹುಲ್ಲಿನ ಮೇಲೆ ಉರುಳಾಡಿ ನಕ್ಕಳು. ಕವನಳ ಮನೆಯಲ್ಲಿ ಹೊದೆಯೋದು ಹುಲಿ ಚಿತ್ರದ ರಗ್ಗು. ನಾಳೆ ಬೆಳಿಗ್ಗೆ ನೀರು ತೊಟ್ಟಿಕ್ಕುವ ಹುಲಿಯನ್ನು ಹೊತ್ತು ಬರುತ್ತಾಳೆ! ಬರಲಿ. ಒಂಟೆಯ ತಲೆ ಸಿಕ್ಕಿತು ಅಂತ ಎಷ್ಟು ಜಂಬ ಅವಳಿಗೆ!

ಒಂಟೆ ಯಾವುದು ಅಂದಿರಾ? ಹೇಳುತ್ತೇನೆ.

ದ್ರಾಕ್ಷಾಯಿಣಿ ಮಿಸ್ ದಸರಾ ರಜೆಗೆ ರಾಜಸ್ಥಾನಕ್ಕೆ ಹೋಗಿ ಬಂದಿದ್ದರು. ಬಂದವರೇ ಕ್ಲಾಸಿನಲ್ಲಿ ಬಾಂಬು ಹಾಕಿದರು. "ಹ್ಞೂಂ... ಈ ವರ್ಷ ನಮ್ಮ ಶಾಲೆಯ ಮೊದಲನೇ ಮರುಭೂಮಿ ಕಲಾ ಹಬ್ಬ! ಕುಣಿತ, ಬೊಂಬೆಯಾಟ, ಒಂಟೆ! ಆಮೇಲೆ ಗ್ರೌಂಡಲ್ಲೇ ಟೆಂಟು ಹಾಕಿ ಕ್ಯಾಂಪಿಂಗ್. ತಿಳೀತಾ?"

ಯಾರಿಗೂ ತಿಳಿಯಲಿಲ್ಲ. ಇಡೀ ಕ್ಲಾಸು ಬಾಯಿ ತೆರೆದು ಕೂತಿತು.

"ಮಿಸ್, ನಮ್ಮೂರಲ್ಲಿ ಮರಳೇ ಇಲ್ವಲ್ಲ," ಅಂದ ನಜೀರ್.

"ಊರಿನ ಹೆಸರಲ್ಲಿದೆಯಲ್ಲ, ಸಾಕು," ಅಂದರು ಮಿಸ್.

ಸಾಕಾಗಲಿಲ್ಲ. ಕವನಳ ಅಪ್ಪ, ಅಂಗಡಿ ಇಟ್ಟಿದ್ದ ಮಲ್ಲಿಕಾರ್ಜುನಯ್ಯ, ಹೊಸ ಮನೆ ಕಟ್ಟಿಸುತ್ತಿದ್ದರು. ಅವರು ಒಂದು ಟ್ರ್ಯಾಕ್ಟರ್ ಎಂ-ಸ್ಯಾಂಡು, ಅಂದರೆ ಕಲ್ಲು ಪುಡಿಮಾಡಿದ ಮರಳು, ಸಾಲ ಕೊಟ್ಟರು. "ಹಬ್ಬ ಆದ್ಮೇಲೆ ವಾಪಸ್ ಬರ್ಬೇಕು ಮಿಸ್. ಗೋಡೆ ಅರ್ಧಕ್ಕೆ ನಿಂತೈತೆ," ಅಂತ ಮೂರು ಸಲ ಹೇಳಿಹೋದರು. ಹೀಗೆ ಮರಳವಾಡಿಗೆ ಮರುಭೂಮಿ ಬಂತು. ಬಣ್ಣ ಮಾತ್ರ ಬೂದಿ.

ಒಂಟೆಯನ್ನು ಎಲ್ಲಿಂದ ತರೋದು? ನಜೀರ್ ರಟ್ಟಿನಲ್ಲಿ ತಲೆ ಮಾಡಿದ. ಮೇಲೆ ಹಳದಿ ಬೆಡ್‌ಶೀಟು. ಒಳಗೆ ಇಬ್ಬರು. ಮುಂದೆ ತಲೆ ಹಿಡಿಯೋಳು ಕವನ. ಹಿಂದೆ ಬಗ್ಗಿಕೊಂಡು ಅವಳ ಸೊಂಟ ಹಿಡಿದು ಬಾಲ ಅಲ್ಲಾಡಿಸೋಳು ನಯನ.

"ನಾನ್ಯಾಕೆ ಬಾಲ?" ಅಂತ ನಯನ ಮೂರು ದಿನ ಮುಖ ಊದಿಸಿಕೊಂಡಿದ್ದಳು. ನಾಲ್ಕನೇ ದಿನ ಆ ಫೋನು ಮಾಡಿದ್ದಳು.

ಶನಿವಾರ ಬೆಳಿಗ್ಗೆ ಶಾಲೆಯ ಗ್ರೌಂಡು ಗಿಜಿಗಿಜಿ ಅನ್ನುತ್ತಿತ್ತು. ಬಿದಿರಿನ ಗಳಕ್ಕೆ ಅಮ್ಮಂದಿರ ಹಳೇ ಸೀರೆ ಕಟ್ಟಿ ಆರು ಟೆಂಟು ಎದ್ದಿದ್ದವು. ನಜೀರ್ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಒಂಟೆಯ ಡುಬ್ಬ ನಿಲ್ಲುತ್ತಿರಲಿಲ್ಲ. ಗೋಣಿಚೀಲಕ್ಕೆ ಹುಲ್ಲು ತುಂಬಿ ಇಟ್ಟರೆ ಎರಡು ಹೆಜ್ಜೆಗೆ ಜಾರಿ ಹೊಟ್ಟೆಗೆ ಬರುತ್ತಿತ್ತು.

"ಇದು ಒಂಟೆ ಅಲ್ಲ ಕಣೋ, ಬಸುರಿ ಎಮ್ಮೆ," ಅಂದಳು ನಯನ, ಎಮ್ಮೆಯ ದನಿಯಲ್ಲೇ.

ನಯನಳ ತಾತ ಚಿಕ್ಕಬೀರಯ್ಯನೂ ಬಂದಿದ್ದ. ಕ್ಯಾಂಪು ಹೇಗೆ ಹಾಕೋದು ಅಂತ ಮಕ್ಕಳಿಗೆ ತೋರಿಸಲು ಮಿಸ್ಸೇ ಕರೆಸಿದ್ದರು. ತಾತ ಕುರಿ ಕಾಯುವವನು. ರೈತರು ಕರೆದಾಗ ಅವರ ಹೊಲದಲ್ಲಿ ರಾತ್ರಿಯೆಲ್ಲ ಮಂದೆ ನಿಲ್ಲಿಸುತ್ತಾನೆ. ಹೊಲಕ್ಕೆ ಗೊಬ್ಬರವಾಗುತ್ತದೆ. ಕುರಿಗಳ ಪಕ್ಕದಲ್ಲೇ ಅವನೂ ಮಲಗುತ್ತಾನೆ.

"ಕ್ಯಾಂಪಿಂಗ್ ಅಂದ್ರೇನವ್ವಾ?" ಅಂತ ಅವನು ಮಿಸ್ಸನ್ನು ಕೇಳಿದ.

"ಬಯಲಲ್ಲಿ ಮಲಗೋದು, ತಾತ."

"ಅದ್ಕೂ ಹಬ್ಬ ಮಾಡ್ತಾರಾ? ಐವತ್ತು ವರ್ಸದಿಂದ ಮಲಗ್ತಾವ್ನಿ, ಒಬ್ರೂ ಒಂದು ಹಾರ ಹಾಕ್ಲಿಲ್ವಲ್ಲ!"

ಎಲ್ಲರೂ ನಗುತ್ತಿರುವಾಗ ಗೇಟಿನ ಹತ್ತಿರ ಕವನ ಕಾಣಿಸಿದಳು. ನಯನಳ ಹೊಟ್ಟೆಯಲ್ಲಿ ನಗು ಎದ್ದಿತು. ಬಂತು, ಒದ್ದೆ ಹುಲಿ ಬಂತು!

ಹುಲಿ ಬರಲಿಲ್ಲ. ಕವನಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ ಇತ್ತು. ಕಣ್ಣು ಕೆಂಪಗಿದ್ದವು. ಅವಳು ನೇರವಾಗಿ ತಾತನ ಮುಂದೆ ನಿಂತು ಬುಟ್ಟಿಯಿಂದ ಏನನ್ನೋ ತೆಗೆದಳು. ಕಪ್ಪಗೆ, ದಪ್ಪಗೆ, ಬಾಗಿಲ ಮುಂದೆ ಹಾಸುವ ಮ್ಯಾಟಿನಷ್ಟು ಇತ್ತು. ಅಂಚಿನಲ್ಲಿ ಕೆಂಪು ಪಟ್ಟಿ. ಮೂಲೆಯಲ್ಲಿ ಬಿಳೀ ದಾರದ ಹೊಲಿಗೆ.

ಆ ಹೊಲಿಗೆ ನಯನಳ ಅಜ್ಜಿ ಬೀರಮ್ಮನದು. ಅದು ತಾತನ ಕಂಬಳಿ.

ಆ ಕಂಬಳಿಯ ಉಣ್ಣೆಯನ್ನು ಅಜ್ಜಿಯೇ ನೂತಿದ್ದಳು. ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯಿಸಿದ್ದು. ಮಳೆ ಬಿದ್ದರೂ ನೀರು ಒಳಗಿಳಿಯುತ್ತಿರಲಿಲ್ಲ. ಹೊದ್ದರೆ ತಾತ, ನಯನ, ಒಂದು ಕುರಿಮರಿ ಮೂವರಿಗೂ ಸಾಕಾಗುತ್ತಿತ್ತು. ಕಂಬಳಿಗೆ ಬಿಸಿನೀರು ತೋರಿಸಬಾರದು, ತೋರಿಸಿದರೆ ಕುಗ್ಗಿಹೋಗುತ್ತದೆ ಅನ್ನೋದು ಅವರ ಮನೆಯಲ್ಲಿ ಮಾತು ಬಾರದ ಕೂಸಿಗೂ ಗೊತ್ತು. ಆದರೆ ಅಂಗಡಿ ಮನೆಯ ಕವನಳಿಗೆ ಹೇಗೆ ಗೊತ್ತಾಗಬೇಕು?

"ತಾತನ ಕಂಬಳಿ ನಿನ್ನ ಹತ್ರ ಹೆಂಗ್ ಬಂತೇ?" ಅಂದಳು ನಯನ.

ತಾತನೇ ಉತ್ತರ ಕೊಟ್ಟ. "ಈ ವಾರ ಮಂದೆ ಇವ್ರ ಹೊಲ್ದಲ್ಲೇ ಐತಲ್ಲವ್ವ. ಕೂಸು ರಗ್ಗು ಹೊದ್ಕಂಡು ಬಯಲಲ್ಲಿ ನಡುಗ್ತದೆ ಅಂತ ನಾನೇ ನೆನ್ನೆ ಕೊಟ್ಟೆ." ಅವನು ಕಂಬಳಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದೇನ್ ಮಗಾ ಇದು? ಕಂಬಳಿ ಮರಿ ಹಾಕ್ತಾ?"

"ಮಿಸ್ ಫೋನ್ ಮಾಡಿದ್ರು ತಾತ," ಕವನ ಬಿಕ್ಕಿದಳು. "ಕುದಿಯೋ ನೀರಲ್ಲಿ ಹಾಕಿ ತುಳಿ ಅಂದ್ರು. ಅಮ್ಮ ಬ್ಯಾಡ ಅಂತು. ಮಿಸ್ ಹೇಳವ್ರೆ ಅಂತ ನಾನೇ ಹಂಡೆ ನೀರಿಗೆ ಹಾಕ್ಬುಟ್ಟೆ."

"ನಾನಾ? ನಾನು ಯಾರಿಗೂ ಫೋನೇ ಮಾಡಿಲ್ಲ!" ಅಂದರು ಮಿಸ್.

"ನೀವೇ ಮಾಡಿದ್ರಿ ಮಿಸ್. ತಿಳೀತಾ ಅಂದ್ರಿ."

"ಹ್ಞೂಂ... ಕವನಾ, ತಪ್ಪು ಮಾಡಿದ್ರೆ ಪರವಾಗಿಲ್ಲ. ಅದನ್ನ ಮುಚ್ಚೋಕೆ ನನ್ನ ಹೆಸರು ಹೇಳಬಾರದು. ಸುಳ್ಳು ಹೇಳೋರು ಹಬ್ಬದಲ್ಲಿ ಬೇಡ. ಮನೆಗೆ ಹೋಗು. ನಯನಾ, ಒಂಟೆ ತಲೆ ನೀನು ತಗೋ."

ನಜೀರ್ ರಟ್ಟಿನ ತಲೆಯನ್ನು ನಯನಳ ಕೈಗಿತ್ತ. ಮೂರು ದಿನ ಬೇಕು ಬೇಕು ಅಂತ ಕನವರಿಸಿದ ತಲೆ. ಈಗ ಅದು ಕಲ್ಲಿನ ಹಾಗೆ ಭಾರವಾಗಿತ್ತು. ಸುಮ್ಮನಿದ್ದರೆ ಸಾಕು. ಯಾರಿಗೂ ಗೊತ್ತಾಗುವುದಿಲ್ಲ. ಅವಳು ಸುಮ್ಮನಿದ್ದಳು.

ತಾತ ಮಾತ್ರ ಸುಮ್ಮನಿರಲಿಲ್ಲ. ಆ ಮುದುರಿದ ಕಂಬಳಿಯನ್ನು ಮರಳ ಮೇಲೆ ಹಾಸಿದ. ಅಂಗೈಯಿಂದ ಸವರಿ ಸರಿಮಾಡಿದ.

"ಬಾ ಮಗಾ, ಕುಂತ್ಕ. ನಮ್ಮಲ್ಲಿ ಕಂಬಳಿ ಮ್ಯಾಲೆ ಕುಂತೋರು ಸುಳ್ಳಾಡಕಿಲ್ಲ. ಕುಂತ್ಕಂಡು ಇನ್ನೊಂದ್ಸಲ ಹೇಳು."

ಕವನ ಚಪ್ಪಲಿ ಬಿಟ್ಟು ತಕ್ಷಣ ಕೂತಳು. ಒಂದು ಕ್ಷಣವೂ ಯೋಚಿಸಲಿಲ್ಲ. "ಮಿಸ್ಸೇ ಫೋನ್ ಮಾಡಿದ್ರು ತಾತ. ನಾನು ಸುಳ್ಳು ಹೇಳ್ತಿಲ್ಲ."

ತಾತ ಅವಳ ಮುಖ ನೋಡಿದ. "ಈ ಕೂಸು ಸುಳ್ಳಾಡ್ತಿಲ್ಲ ಕಣವ್ವ," ಅಂದ.

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

"ಅಂಗಲ್ಲ. ನೀವೂ ಬಂದು ಒಸಿ ಕುಂತ್ಕಳಿ."

ಮಿಸ್ಸನ್ನು ಕಂಬಳಿ ಮೇಲೆ ಕೂರಿಸಿ ವಿಚಾರಣೆಯಾ? ಒಂಟೆ ಮಾಡೋಕೆ ತಂದ ಅಂಟಿನ ಡಬ್ಬ ನಜೀರನ ಕೈಯಿಂದ ಜಾರಿ ಬಿತ್ತು. ಮಿಸ್ಸಿನ ಮುಖ ಕೆಂಪಾಯಿತು. ಆದರೂ ಅವರು ಬಗ್ಗಿ ಒಂದು ಚಪ್ಪಲಿ ಬಿಚ್ಚಿದರು. ಇನ್ನೊಂದಕ್ಕೆ ಕೈ ಹಾಕಿದರು.

"ಬ್ಯಾಡ ಮಿಸ್!"

ನಯನ ಒಂಟೆಯ ತಲೆಯನ್ನು ಕೆಳಗಿಟ್ಟು ಓಡಿ ಬಂದಳು. ಕಂಬಳಿಯಲ್ಲಿ ಇಬ್ಬರಿಗೆ ಜಾಗವೇ ಇರಲಿಲ್ಲ. "ಒಸಿ ಜರುಗೇ," ಅಂದಳು. ಕವನ ಜರುಗಿದಳು. ನಯನ ಅರ್ಧ ಕಂಬಳಿ ಮೇಲೆ, ಅರ್ಧ ಎಂ-ಸ್ಯಾಂಡಿನ ಮೇಲೆ ಕೂತಳು.

ಬಾಯಿ ತೆರೆದಳು. ಕೊನೆಗೆ ಬಂದದ್ದು ಮಿಸ್ಸಿನ ದನಿ.

"ಹ್ಞೂಂ... ಕುದಿಯೋ ನೀರಲ್ಲಿ ಹಾಕಿ, ಶಾಂಪೂ ಸುರಿದು, ಚೆನ್ನಾಗಿ ತುಳೀಬೇಕು. ನೀಟ್‌ನೆಸ್ಸು. ತಿಳೀತಾ?"

ಮಿಸ್ ಒಂದೇ ಚಪ್ಪಲಿಯಲ್ಲಿ ನಿಂತಿದ್ದರು. ತಮ್ಮ ದನಿ ಬೇರೆಯವರ ಬಾಯಿಂದ ಬರುವುದನ್ನು ಅವರು ಇದೇ ಮೊದಲು ಕೇಳಿದ್ದು.

"ನಾ... ನಾನು ಹೀಗಾ ಮಾತಾಡೋದು?" ಅಂದರು.

"ಹೂಂ ಮಿಸ್," ಅಂದ ನಜೀರ್.

ಕವನ ನಯನಳ ಕಡೆ ತಿರುಗಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ಹೋಗಿ ಟೆಂಟಿನ ಹಿಂದೆ ನಿಂತಳು. ಕಂಬಳಿಯಲ್ಲಿ ಈಗ ನಯನಳಿಗೆ ಬೇಕಾದಷ್ಟು ಜಾಗವಿತ್ತು.

"ರಗ್ಗು ಅನ್ಕಂಡಿದ್ದೆ ತಾತ," ಅಂದಳು ಅವಳು. ಆಗ ಅಳು ಬಂತು.

"ಸರಿ," ಅಂದ ತಾತ. "ನಿಮ್ಮಜ್ಜಿಗೆ ನೀನೇ ಹೇಳು. ನನ್ನ ದನೀಲಿ ಹೇಳ್ಬ್ಯಾಡ, ಮಿಸ್ ದನೀಲೂ ಹೇಳ್ಬ್ಯಾಡ. ನಿನ್ನ ದನೀಲಿ ಹೇಳು. ಬೇಸ್ಗೆ ರಜಕ್ಕೆ ಅವ್ಳ ಜೊತೆ ನೂಲೋಕೆ ಕುಂತ್ಕ. ಒಂದು ಕಂಬಳಿಗೆ ಎಷ್ಟು ನೂಲು ಬೇಕು ಅಂತ ಗೊತ್ತಾಯ್ತದೆ."

ಮಿಸ್ ಟೆಂಟಿನ ಹಿಂದೆ ಹೋಗಿ ಕವನಳ ತಲೆ ಸವರಿ ಸಾರಿ ಕೇಳಿದರು. ವಾಪಸ್ ಬಂದು, "ನಯನಾ ಒಂಟೆಯಲ್ಲಿ ಬೇಡ," ಅಂದರು.

ಅಷ್ಟರಲ್ಲಿ ನಜೀರ್ ಕೂಗಿದ. "ಮಿಸ್! ಇದು ಜಾರಲ್ಲ!"

ಅವನು ಗೋಣಿಚೀಲದ ಮೇಲೆ ಆ ಕಂಬಳಿಯನ್ನು ಕವುಚಿ ಬೆಡ್‌ಶೀಟಿಗೆ ಹೊಲಿದಿದ್ದ. ಕುದ್ದು ಕುದ್ದು ದಪ್ಪಗಾದ ಕಂಬಳಿ ಗುಡ್ಡದ ಹಾಗೆ ನೆಟ್ಟಗೆ ನಿಂತಿತ್ತು. ಅಲ್ಲಾಡಿಸಿದರೂ ಅಲುಗಲಿಲ್ಲ. ಕವನ ಟೆಂಟಿನ ಹಿಂದಿನಿಂದ ಇಣುಕಿದಳು. ನಿಧಾನಕ್ಕೆ ಬಂದು ರಟ್ಟಿನ ತಲೆ ಎತ್ತಿಕೊಂಡಳು.

"ಬಾಲಕ್ಕೆ ಅವ್ಳೇ ಇರ್ಲಿ ಮಿಸ್," ಅಂದಳು. "ಪೂರ್ತಿ ಟೈಮ್ ಬಗ್ಕಂಡೇ ಇರ್ಲಿ."

ಸಂಜೆ ಬಿಸಿಲು ಇಳಿಯುವಾಗ ಊರೆಲ್ಲ ಗ್ರೌಂಡಿಗೆ ಬಂತು. ಡೋಲಿನ ಸದ್ದಿಗೆ ಒಂಟೆ ಹೊರಟಿತು. ಬೆಡ್‌ಶೀಟಿನ ಒಳಗೆ ಹಳದಿ ಕತ್ತಲು. ನಯನ ಬಗ್ಗಿಕೊಂಡು ಕವನಳ ಸೊಂಟ ಹಿಡಿದಿದ್ದಳು. ಇಬ್ಬರೂ ಇನ್ನೂ ಮಾತಾಡಿರಲಿಲ್ಲ.

ಇದ್ದಕ್ಕಿದ್ದಂತೆ ಜನ "ಹೋ!" ಅಂದರು. ನಯನಳ ಹಿಂದೆ ಏನೋ ಮೃದುವಾಗಿ ಗುದ್ದಿತು. ಮತ್ತೊಂದು ಗುದ್ದು. ಬೆಡ್‌ಶೀಟಿನ ಕೆಳಗೆ ಸಣ್ಣ ಗೊರಸುಗಳು ಕಂಡವು. ಒಂದಲ್ಲ, ಎರಡಲ್ಲ, ಹತ್ತಾರು. ಅವತ್ತು ಬೇರೆಯವರು ಮೇಯಿಸಿಕೊಂಡು ಗೇಟಿನ ಮುಂದೆ ಹೊಡೆದುಕೊಂಡು ಹೋಗುತ್ತಿದ್ದ ತಾತನ ಮಂದೆ ಕರೀ ಕಂಬಳಿ ನಡೆದಾಡುವುದನ್ನು ನೋಡಿತ್ತು. ದಿನವೂ ಆ ಕಂಬಳಿಯ ಹಿಂದೆಯೇ ನಡೆದ ಕುರಿಗಳು. ಕಂಬಳಿ ಒಂಟೆಯ ಬೆನ್ನಿನ ಮೇಲಿದ್ದರೇನು?

"ಅಯ್ಯಯ್ಯೋ, ಅದು ನಾನಲ್ಲ ಕಣ್ರಲೇ!" ಅಂತ ತಾತ ಕೋಲು ಎತ್ತಿಕೊಂಡು ಓಡಿ ಬಂದ. "ನಾನು ಇಲ್ಲಿವ್ನಿ!"

ಒಂಟೆ ಎಡಕ್ಕೆ ತಿರುಗಿದರೆ ಮಂದೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಊರು ನಕ್ಕಿತು. ಮಿಸ್ ಹ್ಞೂಂ ಅನ್ನುವುದನ್ನೂ ಮರೆತು ನಕ್ಕರು. ಎಲ್ಲಕ್ಕಿಂತ ಜೋರಾದ ನಗು ಒಂಟೆಯ ತಲೆಯೊಳಗಿನಿಂದ ಬರುತ್ತಿತ್ತು. ಕವನ ನಗುತ್ತ ಮುಗ್ಗರಿಸಿದಳು, ಮತ್ತೆ ನಕ್ಕಳು. ಆ ನಗು ನಯನಳ ಎರಡೂ ಅಂಗೈಗಳಲ್ಲಿ ಕುಲುಕಾಡುತ್ತಿತ್ತು.

ಕುರಿಯ ದನಿ ತೆಗೆದು ಇನ್ನಷ್ಟು ನಗಿಸೋಣ ಅಂತ ನಯನ ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡಳು. ಕವನ ಮತ್ತೆ ಮುಗ್ಗರಿಸದ ಹಾಗೆ ಸೊಂಟವನ್ನು ಇನ್ನೊಂದಿಷ್ಟು ಗಟ್ಟಿಯಾಗಿ ಹಿಡಿದು, ಬಾಲ ಅಲ್ಲಾಡಿಸಿದಳು.