ಸೊಂಟ ನೋವಿಗೊಂದು ಫೋಟೋ

ಫೋನಿನಲ್ಲಿ ದಿನವೂ ನೋಡುತ್ತಿದ್ದ ಮುಖ ಬಾಗಿಲಲ್ಲೇ ಬಂದು ನಿಂತಾಗ ಸುಕೃತಿ ಚಿಲಕದ ಮೇಲಿನ ಕೈ ತೆಗೆಯುವುದನ್ನೇ ಮರೆತಳು.

ಫೋಟೋದಲ್ಲಿದ್ದದ್ದಕ್ಕಿಂತ ಎತ್ತರ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಕೈಯಲ್ಲೊಂದು ಹಣ್ಣಿನ ಚೀಲ, ಅದರ ಮೇಲೆ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ಹೀಲಿಂಗಿಗೆ ಬರುವವರು ಹೂವು ತರುವುದುಂಟೇ ಎಂದು ಅವಳು ಯೋಚಿಸಬೇಕಿತ್ತು. ಯೋಚಿಸಲಿಲ್ಲ... ಗಮನವೆಲ್ಲ ಅವನ ಮುಖದ ಮೇಲಿತ್ತು.

"ನಮಸ್ಕಾರ ಮೇಡಂ. ನಾನು ಶಿವಶಂಕರ್. ಕೆಳಗಡೆ ಮನೆ ವಸಂತಮ್ಮನ ಮಗ."

"ಗೊತ್ತು. ದಿನಾ ನೋಡ್ತೀನಲ್ಲ."

"ದಿನಾನಾ?" ಅವನ ಕಿವಿ ಕೆಂಪಾಯಿತು.

"ಬೆಳಿಗ್ಗೆ ಆಫೀಸಿಗೆ ಹೋಗೋಕ್ ಮುಂಚೆ. ನಿಮ್ಮ ಫೋಟೋ ಮುಂದೆ ಇಟ್ಕೊಂಡು ಕೂತ್ಕೋತೀನಿ."

ಅವನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಅಮ್ಮ ಆಗ್ಲೇ ಹೇಳಿರ್ತಾರೆ. ಆದ್ರೂ ನಾನೇ ಬಂದು ಹೇಳೋದು ಮರ್ಯಾದೆ ಅನ್ನಿಸ್ತು. ನಂಗೆ ಪೂರ್ತಿ ಒಪ್ಪಿಗೆ ಇದೆ."

"ಒಳ್ಳೇದಾಯ್ತು. ಒಪ್ಪಿಗೆ ಇಲ್ದೆ ನಾನು ಯಾರಿಗೂ ಹೀಲಿಂಗ್ ಮಾಡಲ್ಲ. ಈಗ ಸೊಂಟ ಹೇಗಿದೆ?"

"...ಸೊಂಟ?"

ಇಬ್ಬರೂ ಒಬ್ಬರನ್ನೊಬ್ಬರು ಪಿಳಿಪಿಳಿ ನೋಡಿದರು.

ಆದದ್ದು ಇಷ್ಟು. ಸುಕೃತಿ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವವಳು. ಅರೆತಲೆನೋವಿನಿಂದ ಒದ್ದಾಡುತ್ತಿದ್ದ ಕಾಲದಲ್ಲಿ ಯಾರೋ ಹೇಳಿದರೆಂದು ಹೀಲಿಂಗ್ ತರಗತಿಗೆ ಸೇರಿದಳು, ನೆಮ್ಮದಿ ಸಿಕ್ಕಿತು, ಬಿಡದೆ ಕಲಿತಳು. ಎದುರಿಗೆ ಕೂತವರ ಮೈಯಿಂದ ಒಂದು ಗೇಣು ದೂರದಲ್ಲಿ ಕೈಯಾಡಿಸುತ್ತಾ, ಅವರ ಪ್ರಾಣಶಕ್ತಿ ಸರಾಗವಾಗಿ ಹರಿಯಲಿ ಎಂದು ಮನಸ್ಸಿಟ್ಟು ಹಾರೈಸುವ ವಿದ್ಯೆ ಅದು. "ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ಬಿಡ್ಬೇಡಿ" ಎಂದು ಎಲ್ಲರಿಗೂ ಮೊದಲೇ ಹೇಳಿಬಿಡುತ್ತಿದ್ದಳು.

ವರ್ತೂರಿನಲ್ಲಿ ವಸಂತಮ್ಮನ ಮನೆಯ ಮೇಲಂತಸ್ತಿಗೆ ಬಾಡಿಗೆಗೆ ಬಂದ ಮೇಲೆ ಓನರಮ್ಮನ ಮಂಡಿನೋವಿಗೂ ಕೂತಳು. ವಸಂತಮ್ಮನಿಗೆ ಈ ಹುಡುಗಿಯೆಂದರೆ ಪ್ರಾಣವಾಯಿತು. ಆಗ ಬಂದದ್ದು ಮಗನ ವಿಷಯ. ಅಪಾರ್ಟ್‌ಮೆಂಟುಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಸುವ ಕೆಲಸ, ಡ್ರೈವರ್ ಬರದ ದಿನ ತಾನೇ ಓಡಿಸುವುದು, ಆ ರಸ್ತೆಯ ಗುಂಡಿಗಳಲ್ಲಿ ಎದ್ದು ಬಿದ್ದು ಸೊಂಟ ಹಿಡಿದುಕೊಂಡಿರುವುದು. ಬೆಳಕು ಹರಿಯುವ ಮೊದಲೇ ಹೋಗುವವನನ್ನು ಮೇಲೆ ಕರೆತರುವುದಾದರೂ ಹೇಗೆ?

"ಹಾಗಾದ್ರೆ ಅವರದೊಂದು ಫೋಟೋ, ಪೂರ್ತಿ ಹೆಸರು, ಹುಟ್ಟಿದ ದಿನ ಕಳ್ಸಿ ಆಂಟಿ. ಅವರಿಗೆ ಒಪ್ಪಿಗೆ ಇದ್ಯಾ ಅಂತ ಒಂದು ಮಾತು ಕೇಳ್ಬಿಡಿ" ಎಂದಿದ್ದಳು ಸುಕೃತಿ.

ಫೋಟೋ ಮುಂದಿಟ್ಟುಕೊಂಡು ದೂರದಿಂದಲೂ ಹೀಲಿಂಗ್ ಮಾಡುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದನ್ನು ಬಿಡಿಸಿ ಹೇಳಬೇಕೆಂದು ಹೊಳೆಯಲೇ ಇಲ್ಲ. ವಸಂತಮ್ಮ ಮಾತ್ರ ಅಂದೇ "ಮಗ ಒಪ್ಪವ್ನೆ" ಎಂದು ಒಳ್ಳೆಯ ಫೋಟೋ ಹುಡುಕಿ ಕಳಿಸಿ, ದೇವರಿಗೆ ತುಪ್ಪದ ದೀಪ ಹಚ್ಚಿದ್ದರು!

ಸೊಂಟದ ಮಾತು ಕೇಳಿದ್ದೇ, ಬಾಗಿಲಲ್ಲಿ ನಿಂತ ಶಿವಶಂಕರನಿಗೆ ಎಲ್ಲ ಅರ್ಥವಾಯಿತು. ಅವನು ನಗಲಿಲ್ಲ, ರೇಗಲೂ ಇಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ತಪ್ಪು ತಿಳ್ಕೋಬೇಡಿ ಮೇಡಂ. ನಮ್ಮಲ್ಲಿ ಹುಡುಗನ ಫೋಟೋ, ಹುಟ್ಟಿದ ದಿನ ಕೇಳೋದು ಸಂಬಂಧ ನೋಡೋವಾಗ್ಲೇ. ಅಮ್ಮ ಹಂಗೇ ಅಂದ್ಕೊಂಡ್ರು... ನಾನೂ ಅಂದ್ಕೊಂಡೆ."

"ಅಯ್ಯೋ, ನಾನು ಬರೀ ನೋವಿಗೆ ಅಂತ..."

"ಗೊತ್ತಾಯ್ತು ಬಿಡಿ. ನೀವೇನು ಮಾಡ್ತೀರಾ."

ಅವನು ಮೆಟ್ಟಿಲಿಳಿದು ಹೋದ. ಸುಕೃತಿ ಬಾಗಿಲು ಹಾಕಿಕೊಂಡು ಅಲ್ಲೇ ಕೂತಳು. ಒಂದು ದೊಡ್ಡ ಗೊಂದಲ ತಪ್ಪಿತೆಂದು ನಿಟ್ಟುಸಿರು ಬಿಡಬೇಕಿತ್ತು. ಯಾಕೋ ಕಣ್ಣಲ್ಲಿ ನೀರಾಡಿತು.

*ನನಗೇನಾಗಿದೆ? ಅವರು ಯಾರು, ನಾನು ಯಾರು...*

ಮರುದಿನ ಬೆಳಿಗ್ಗೆ ಫೋಟೋ ಮುಂದೆ ಕೂತಾಗ ಉತ್ತರ ತಾನಾಗಿ ಸಿಕ್ಕಿತು. ಬೇರೆಯವರಿಗೆ ಹತ್ತು ನಿಮಿಷ ಕೂರುವವಳು ಇವನಿಗೆ ಆಫೀಸಿನ ಕ್ಯಾಬ್ ಹಾರ್ನ್ ಹೊಡೆಯುವ ತನಕ ಕೂರುತ್ತಿದ್ದಳು. ಕಣ್ಣು ಮುಚ್ಚಬೇಕಾದಾಗ ತೆರೆದುಕೊಂಡೇ ಇರುತ್ತಿದ್ದಳು. ಹೀಲಿಂಗಿಗೆ ಸೊಂಟ ಸಾಕಾಗಿತ್ತು, ಅವಳಿಗೆ ಅವನ ಕೆನ್ನೆಯ ಗುಳಿಯೂ ಬಾಯಿಪಾಠವಾಗಿತ್ತು.

ಆ ವಾರ ಕೆಳಗಿನ ಮನೆಯಿಂದ ಸೊಪ್ಪಿನ ಸಾರು ಬರಲಿಲ್ಲ. ವಸಂತಮ್ಮ ಮಂಡಿನೋವು ಹೇಳಿಕೊಂಡು ಮೇಲೆ ಬರಲಿಲ್ಲ. ಎದುರಾದರೆ ಮುಖ ತಿರುಗಿಸಿಕೊಂಡು ಬಟ್ಟೆ ಒಣಗಿಸುತ್ತಿದ್ದರು. ಮನೆಯವರಂತೆ ಕಂಡವರು ಹೀಗೆ ದೂರವಾದದ್ದರಿಂದ ಸುಕೃತಿಗೆ ಅನ್ನ ಇಳಿಯದಷ್ಟು ಸಂಕಟವಾಯಿತು.

ಭಾನುವಾರ ಬೆಳಿಗ್ಗೆ ವಸಂತಮ್ಮನೇ ಬಂದರು.

"ನಂದೇ ತೆಪ್ಪು ಕಣವ್ವ. ನಿನ್ ಮಕ ನೋಡಾಕೆ ನಾಚ್ಕೆ ಆಗ್ತಿತ್ತು."

"ತಪ್ಪು ನಂದು ಆಂಟಿ. ಬಿಡಿಸಿ ಹೇಳ್ಬೇಕಿತ್ತು."

"ಓಗ್ಲಿ ಬಿಡು. ಒಂದ್ ಉಪ್ಕಾರ ಮಾಡ್ತೀಯಾ? ಆನೇಕಲ್ ಕಡೆ ನಮ್ ಸಂಕ್ರನ ಮದ್ವೆಗೆ ಒಂದ್ ಎಣ್ಣೈತೆ ಅಂತ ನಮ್ಮಣ್ಣ ಯೋಳವ್ನೆ. ಇವತ್ ಸಂಜೆ ಓಗಿ ನೋಡ್ಕಂಡ್ ಬರಾನಾ ಅಂದ್ರೆ, ಸೊಂಟ ಇಡ್ಕಂಡೈತೆ ಅಂತ ಇವ್ನು ಮಲಗವ್ನೆ. ಒಸಿ ಕೈಯಾಡ್ಸಿ ಸರಿ ಮಾಡವ್ವ. ಆಮೇಲೆ ಬರ್ತೀವಿ ಅಂತ ಅವ್ರಿಗೆ ಪೋನ್ ಮಾಡ್ತೀನಿ."

ಆಗಲ್ಲ ಎನ್ನಬೇಕೆನಿಸಿತು. ಆದರೂ ಅವಳ ಬಾಯಿಂದ ಬಂದದ್ದು, "ಕಳ್ಸಿ ಆಂಟಿ" ಎಂಬ ಮಾತೇ. ನೋವೆಂದು ಬಂದವರಿಗೆ ಇಲ್ಲವೆನ್ನುವುದನ್ನು ಅವಳು ಕಲಿತಿರಲಿಲ್ಲ.

ಶಿವಶಂಕರ್ ಬಂದು ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತ. ಸುಕೃತಿ ಅವನ ಹಿಂದೆ ನಿಂತು ಕಣ್ಣು ಮುಚ್ಚಿದಳು, ಉಸಿರು ನಿಧಾನ ಮಾಡಿಕೊಂಡಳು, ಕೈ ಎತ್ತಿದಳು.

*ಇವರ ನೋವು ಹೋಗಲಿ. ಇವರಿಗೆ ಒಳ್ಳೆಯದಾಗಲಿ. ಇವರು ಸಂಜೆ...*

ಹಾರೈಕೆ ಮುಂದಕ್ಕೆ ಹೋಗಲಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದಳು. ಅಲ್ಲಿಗೇ ಬಂದು ನಿಂತಿತು. ಮೂರನೆಯ ಸಲ ಅವಳ ಕೈ ತಾನಾಗಿ ಕೆಳಗಿಳಿಯಿತು.

"ನನ್ನ ಕೈಲಿ ಆಗಲ್ಲ. ಕ್ಷಮಿಸಿ."

ಅವನು ತಿರುಗಲಿಲ್ಲ. "ನನ್ ಮೇಲೆ ಕೋಪಾನಾ?"

"ಅಲ್ಲ. ಹೀಲಿಂಗ್ ಮಾಡೋರು ತಮಗೋಸ್ಕರ ಏನನ್ನೂ ಬಯಸಬಾರ್ದು. ಎದುರಿಗಿರೋರ ನೋವು ಹೋದ್ರೆ ಸಾಕು ಅಂತ ಇರ್ಬೇಕು." ಅವಳ ದನಿ ಒಡೆಯಿತು. "ನಾನು ಮಾತ್ರ... ನಿಮ್ಮ ಸೊಂಟ ಇವತ್ತೊಂದಿನ ವಾಸಿಯಾಗ್ದೇ ಇರ್ಲಿ ಅಂತ ಬೇಡ್ಕೋತಾ ಇದೀನಿ."

ಹೇಳಬಾರದ್ದನ್ನು ಹೇಳಿಬಿಟ್ಟೆನೆಂದು ಸುಕೃತಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಸ್ಟೂಲು ಸರಿದ ಸದ್ದಾಯಿತು. ಅವನು ಎದ್ದು ಅವಳ ಎದುರಿಗೆ ನಿಂತಿದ್ದ, ಸೊಂಟ ನೆಟ್ಟಗೆ ಮಾಡಿಕೊಂಡು.

"ಸೊಂಟ ನೋವು ಹೋಗಿ ಎರಡು ವಾರ ಆಯ್ತು ಕಣ್ರೀ."

"ಏನು?"

"ಡಾಕ್ಟರ್ ಹೇಳಿದ ವ್ಯಾಯಾಮದಿಂದಾನೋ, ನೀವು ದಿನಾ ಕೂತಿದ್ದಕ್ಕೋ, ನಂಗೊತ್ತಿಲ್ಲ. ಹೆಣ್ಣು ನೋಡೋಕೆ ಹೋಗ್ಬಾರ್ದು ಅಂತ ಬೆಳಿಗ್ಗೆಯಿಂದ ಸುಳ್ಳು ಸುಳ್ಳೇ ಮಲಗಿದ್ದೆ." ಅವನು ಗೇಟಿನ ಕಡೆ ಕೈ ತೋರಿಸಿದ. "ಅವತ್ತು ನೀವು ಫೋಟೋ ಕೇಳಿದ್ರಿ ಅಂತ ಅಮ್ಮ ಅಂದಾಗ ನಾನ್ಯಾಕೆ ಅಷ್ಟು ಬೇಗ ಒಪ್ಪಿದೆ ಗೊತ್ತಾ? ನೀವು ಗೇಟಿನ ಹತ್ರ ಕ್ಯಾಬಿಗೆ ಕಾಯೋವಾಗ ನಮ್ ಟ್ಯಾಂಕರ್ ದಿನಾ ಆ ಕಡೆಯಿಂದಾನೇ ಹೋಗೋದು. ಸುತ್ತು ದಾರಿ ಅದು. ಡೀಸೆಲ್ ದಂಡ ಅಂತ ಡ್ರೈವರ್ ಬೈತಿದ್ದ."

ಅಳುತ್ತಲೇ ಅವಳಿಗೆ ನಗು ಬಂತು.

"ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳೋಕೆ ಅಂತಾನೇ ಬಂದಿದ್ದೆ. ನೀವು ಸೊಂಟ ಹೇಗಿದೆ ಅಂದ್ರಿ."

ಸುಕೃತಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವನು ಮೆಲ್ಲಗೆ ಆ ಕೈಗಳನ್ನು ಬಿಡಿಸಿ ತನ್ನ ಕೈಯಲ್ಲಿಟ್ಟುಕೊಂಡ. ಎಷ್ಟೋ ಜನರ ನೋವಿಗೆ ಆಡಿದ ಆ ಕೈಗಳು ಅವನ ಅಂಗೈಯಲ್ಲಿ ಸುಮ್ಮನೆ ಕೂತವು. ಇಷ್ಟು ಹಗುರ ಅವಳಿಗೆ ಯಾವ ಧ್ಯಾನದಲ್ಲೂ ಸಿಕ್ಕಿರಲಿಲ್ಲ.

ಕೆಳಗಿನಿಂದ ವಸಂತಮ್ಮನ ದನಿ ಬಂತು. "ಸಂಕ್ರಾ, ಎಂಗೈತಪ್ಪಾ? ಪೋನ್ ಮಾಡ್ಲಾ ಅವ್ರಿಗೆ?"

ಅವನು ಸುಕೃತಿಯ ಮುಖ ನೋಡಿದ. "ಏನ್ ಹೇಳ್ಲಿ, ಸುಕೃತಿ?"

ಅವಳು ಕಣ್ಣೊರೆಸಿಕೊಂಡಳು. ಅವನ ಕೈ ಬಿಡದೆಯೇ ಮೆಟ್ಟಿಲ ತನಕ ಹೋಗಿ ಬಗ್ಗಿ ನೋಡಿದಳು.

"ಫೋನ್ ಮಾಡ್ಬೇಡಿ ಆಂಟಿ. ಇವರು ಇವತ್ತೂ ಎಲ್ಲೂ ಬರಲ್ಲ, ನಾಳೇನೂ ಬರಲ್ಲ. ಇನ್ಮೇಲೆ ಇವರನ್ನ ನಾನೇ ನೋಡ್ಕೋತೀನಿ."

ವಸಂತಮ್ಮ ತಲೆಯೆತ್ತಿ ಮಗನ ಮುಖ ನೋಡಿದರು, ಅವಳ ಮುಖ ನೋಡಿದರು, ಸೇರಿಕೊಂಡಿದ್ದ ಕೈಗಳನ್ನು ನೋಡಿದರು. ಈ ಸಲ ಅವರು ತಪ್ಪು ತಿಳಿಯಲಿಲ್ಲ.

"ಅಂಗಾದ್ರೆ ಇಬ್ರೂ ಬನ್ನಿ, ದೋಸೆ ಆಕ್ತೀನಿ" ಎಂದು ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಾ ಒಳಗೆ ಹೋದರು.