ಡಯಲ್ ಬದಲಾದ ವಾಚು

2025ರ ಮಾರ್ಚ್ 17, ಸೋಮವಾರ, ಬೆಳಿಗ್ಗೆ 10.20. ಹೊಸೂರಿನ ಠಾಣೆಗೆ ಬಂದ ಡೆಂಕಣಿಕೋಟೆಯ ಆವುಲಪ್ಪ ಕುರ್ಚಿ ತೋರಿಸಿದರೂ ಕೂರಲಿಲ್ಲ. ವಾಚು ಬಿಚ್ಚಿ ಇನ್‌ಸ್ಪೆಕ್ಟರ್ ಜಯಂತಿಯವರ ಮೇಜಿನ ಮೇಲೆ ಕುಕ್ಕಿದರು.

"ವಾಚು ನಂದೇ, ಡಯಲ್ ನಂದಲ್ಲ. ಬಸ್ ಸ್ಟ್ಯಾಂಡ್ ಹತ್ರ ರಿಪೇರಿ ಅಂಗಡಿ ಇಟ್ಟವ್ನಲ್ಲ, ಚಲಪತಿ ಅಂತ ಯಾವನೋ, ಎರಡು ವಾರದ ಹಿಂದೆ ಪಟ್ಟಿ ಹಾಕ್ಸೋಕೆ ಕೊಟ್ಟಿದ್ದೆ, ಅವನೇ ಬದಲಾಯಿಸವ್ನೆ. ಒಳಗಾಕಿ ಅವನ್ನ."

ಆವುಲಪ್ಪ ಈಗ ಮುಚ್ಚಿಹೋಗಿರುವ ಒಂದು ವಾಚು ಕಾರ್ಖಾನೆಯಲ್ಲಿ ಮೂವತ್ತು ವರ್ಷ ತಪಾಸಣೆ ಅಧಿಕಾರಿಯಾಗಿದ್ದವರು. ಹಿಂದಿನ ದಿನ ಹಳೇ ವಾಚು ಸಂಗ್ರಹಿಸುವವರ ಕೂಟದಲ್ಲಿ ಯಾರೋ ಮಸೂರ ಹಿಡಿದು ನೋಡಿ, "ಡಯಲ್ ಡೂಪ್ಲಿಕೇಟ್" ಎಂದುಬಿಟ್ಟಿದ್ದರು. ಸುತ್ತ ಇದ್ದವರು ನಕ್ಕಿದ್ದರು. ಜೀವನಪೂರ್ತಿ ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕಿದ ಮನುಷ್ಯನಿಗೆ ಆ ನಗು ಕೇಳಿ ಮೈಯೆಲ್ಲ ಉರಿದಿತ್ತು.

ಕಾನ್‌ಸ್ಟೆಬಲ್ ಕೆಂಪರಾಜು ದೂರನ್ನು ಕನ್ನಡದಲ್ಲಿ ಕೇಳಿ ತಮಿಳಿನಲ್ಲಿ ಬರೆದುಕೊಂಡ. ನಂಬಿಕೆ ದ್ರೋಹದ ಕಲಂ ಹಾಕಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.05. ಪೊಲೀಸರು ಅಂಗಡಿಗೆ ಬಂದರೂ ಚಲಪತಿ ಕೂತಲ್ಲಿಂದ ಏಳಲಿಲ್ಲ.

"ಈ ವಾಚಿಗೆ ಏನು ಮಾಡ್ದೆ?" ಜಯಂತಿ ಕೇಳಿದರು.

"ಹೊಸ ಪಟ್ಟಿ ಹಾಕ್ಕೊಟ್ಟೆ."

"ಮುಚ್ಚಳ ತೆಗೆದ್ಯಾ?"

"ಇಲ್ಲ."

"ನಿಜ ಹೇಳ್ಲಾ," ಕೆಂಪರಾಜು ಗದರಿದ.

"ತೆಗ್ದಿಲ್ಲ ಅಂದ್ರೆ ತೆಗ್ದಿಲ್ಲ. ನಿಮ್ಗೆ ಎಷ್ಟು ಸಲ ಹೇಳ್ಬೇಕು?"

ಅದೇ ಬೀದಿಯ ಇನ್ನೊಬ್ಬ ರಿಪೇರಿಯವರು ಮುತ್ತರಾಯಪ್ಪ. ಪಂಚರ ಎದುರಿಗೆ ವಾಚು ಬಿಚ್ಚಲು ಅವರನ್ನೇ ಕರೆಸಿದರು. ಅವರು ಮೊದಲು ಡಯಲ್ ಕಳಚಿದರು.

"ಕಾರ್ಖಾನೆ ಡಯಲ್‌ಗೆ ಹಿಂದೆ ಎರಡು ಸಣ್ಣ ಕಾಲು ಇರ್ತವೆ ಮೇಡಂ. ಇದಕ್ಕಿಲ್ಲ. ಅಂಟಾಕಿ ಕೂರ್ಸವ್ನೆ. ಅಕ್ಷರದ ಅಂಚೂ ಒಡ್ದೈತೆ."

ಆಮೇಲೆ ಹಿಂಬದಿ ಮುಚ್ಚಳವನ್ನು ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸಿದರು. ರಿಪೇರಿಯವರಿಗೆಲ್ಲ ಒಂದು ರೂಢಿ: ತೆರೆದ ವಾಚಿನ ಮುಚ್ಚಳದೊಳಗೆ ತಮ್ಮ ಗುರುತು, ತಾರೀಖನ್ನು ಸೂಜಿಯಿಂದ ಗೀರಿಯೇ ಮುಚ್ಚುತ್ತಾರೆ. ಅಲ್ಲಿ ಹೊಸದಾಗಿ 'ಚ, 3-3-25' ಎಂದಿತ್ತು. ಮೋಸ ಮಾಡುವಾಗಲೂ ಪುಣ್ಯಾತ್ಮನ ಕೈ ರೂಢಿ ಬಿಟ್ಟಿರಲಿಲ್ಲ. ಪಂಚನಾಮೆಗೆ ಸಹಿಯಾಯಿತು.

ಚಲಪತಿಯ ಮನೆಯಲ್ಲಿ, ಹತ್ತಿಯಲ್ಲಿ ಸುತ್ತಿಟ್ಟ ಅಸಲಿ ಡಯಲ್ ಸಿಕ್ಕಿತು. ಸಂಜೆ 4.40ಕ್ಕೆ ಬಂಧನ.

"ಮಾರೋಕಾ?" ಠಾಣೆಯಲ್ಲಿ ಜಯಂತಿ ಕೇಳಿದರು.

"ಅಲ್ಲ. ತಿರುಗ್ಸಿ ನೋಡಿ."

ಡಯಲಿನ ಹಿಂದೆ 'ತಟ್ಟೆ 447, ಚ' ಎಂದು ಗೀರಿತ್ತು.

"ತೊಂಬತ್ತಾರ್ನೇ ಇಸ್ವೀಲಿ ಆವುಲಪ್ಪನ ಕಾರ್ಖಾನೇಲಿ ಈ ಡಯಲ್‌ಗೆ ಅಚ್ಚು ಹಾಕಿದ್ದು ನಾನು. ತಟ್ಟೇಲಿದ್ದ ಡಯಲೆಲ್ಲ ಕೆಟ್ಟೋಗವೆ ಅಂತ ಎಲ್ಲಾರ ಮುಂದೆ ಕಸಕ್ಕೆ ಸುರ್ದ ಈ ಆವುಲಪ್ಪ. ನನ್ನ ಕೆಲ್ಸದಿಂದ ತೆಗೆಸ್ಬುಟ್ಟ. ಈಗ ಪಟ್ಟಿ ಹಾಕ್ಸೋಕೆ ಬಂದಾಗ ನನ್ನ ಮುಖಾನೂ ಗುರ್ತು ಸಿಗ್ಲಿಲ್ಲ ಅವನಿಗೆ. ನಂಗೆ ನನ್ನ ಡಯಲ್ ಗುರ್ತು ಸಿಕ್ತು."

ಜಯಂತಿಯವರಿಗೆ ಸಿಟ್ಟು ಬಂತು, ಯಾರ ಮೇಲೆಂದು ತಕ್ಷಣ ತಿಳಿಯಲಿಲ್ಲ. ಆವುಲಪ್ಪನವರನ್ನು ಒಳಗೆ ಕರೆಸಿದರು.

"ಆವತ್ತು ಕೆಟ್ಟ ಡಯಲ್ ಅಂದ್ರಿ. ಮತ್ತೆ ನಿಮ್ಮ ವಾಚಿಗೆ ಹೆಂಗೆ ಬಂತು?"

ಆವುಲಪ್ಪ ಡಯಲನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕೆಟ್ಟಿರ್ಲಿಲ್ಲ ಮೇಡಂ. ಚೆನ್ನಾಗಿತ್ತು, ಒಂದನ್ನ ನಾನೇ ಇಟ್ಕೊಂಡೆ. ಅವನು ಎದುರು ಮಾತಾಡ್ತಿದ್ದ."

ಅದಕ್ಕೆ ಹಾಕಲು ಜಯಂತಿಯವರ ಬಳಿ ಯಾವ ಕಲಮೂ ಇರಲಿಲ್ಲ. ಮ್ಯಾಜಿಸ್ಟ್ರೇಟರ ಬಳಿಗೆ ಹೊರಟ ಚಲಪತಿ ಕೆಂಪರಾಜುವಿನ ಮೇಜಿನ ಮುಂದೆ ನಿಂತ.

"ಚೆನ್ನಾಗಿತ್ತು ಅಂದ್ರಲ್ಲ, ಅದನ್ನೂ ಬರ್ಕೊಳ್ಳಿ."