ಗಿಡ್ಡ ಕಡ್ಡಿಗಳ ದನಿ

ಭಾನುವಾರ ಮಧ್ಯಾಹ್ನ ಅವಳ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಹಾಗಾಗಿ ಮೊದಲ ಸಲ ತಟ್ಟಿದಾಗ ಬೇರೆ ಯಾರ ಮನೆಯದೋ ಅಂದುಕೊಂಡು ಸುಮ್ಮನಿದ್ದಳು. ಎರಡನೆಯ ಸಲಕ್ಕೆ ಎದ್ದಳು.

ಹೊರಗೆ ನಿಂತಿದ್ದವನು ಪಕ್ಕದ ಮನೆಯವನು. ಎರಡು ತಿಂಗಳ ಹಿಂದೆ ಬಾಡಿಗೆಗೆ ಬಂದ ಲಿಫ್ಟ್ ಮೆಕ್ಯಾನಿಕ್. ನಲವತ್ತು ದಾಟಿದ ಮುಖ, ಕೈಯಲ್ಲೊಂದು ಪುಟ್ಟ ಸುತ್ತಿಗೆ.

"ಸಾರಿ, ಸದ್ದು ಜಾಸ್ತಿ ಆಯ್ತಾ? ಇನ್ಮೇಲೆ ನುಡಿಸಲ್ಲ," ಎಂದಳು ಗಾಬರಿಯಲ್ಲಿ.

"ಅಯ್ಯೋ, ಜಗಳಕ್ಕೆ ಬಂದಿಲ್ಲ. ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ, ಆ ಕಿವಿ ನಂದೇ. ನಿಮ್ಮ ಕಲಿಂಬಾದಲ್ಲಿ ಒಂದು ಉದ್ದದ ಕಡ್ಡಿಯ ಸ್ವರ ಇಳಿದುಹೋಗಿದೆ. ಒಂದು ವಾರದಿಂದ ಹಲ್ಲು ಕಚ್ಚಿಕೊಂಡು ಕೇಳ್ತಿದ್ದೆ."

"ಕಚ್ಚಬೇಡಿ, ಸವೆಯುತ್ತೆ. ನಾನು ಹಲ್ಲಿನ ಸೆಟ್ ಮಾಡೋ ಲ್ಯಾಬ್‌ನಲ್ಲಿರೋದು. ಆಮೇಲೆ ನನ್ನ ಹತ್ರಾನೇ ಬರಬೇಕಾಗುತ್ತೆ."

ಅವನು ನಕ್ಕ. ತಾನು ಒಬ್ಬರನ್ನು ನಗಿಸಿ ಎಷ್ಟು ಕಾಲವಾಯಿತೆಂದು ಅವಳಿಗೆ ನೆನಪಾಗಲಿಲ್ಲ.

ಗಂಡನಿಂದ ಬೇರೆಯಾಗಿ ಆರು ವರ್ಷ. ಲ್ಯಾಬ್‌ನಲ್ಲಿ ದಿನವಿಡೀ ಮುಖಕ್ಕೆ ಮಾಸ್ಕ್, ಕಿವಿಯ ತುಂಬ ಯಂತ್ರದ ಗುಯ್‌ಗುಡುವಿಕೆ. ಮನೆಗೆ ಬಂದರೆ ಊಟ ಮುಗಿಯುವವರೆಗೆ ಟೀವಿ ಹಚ್ಚಿಡುತ್ತಿದ್ದಳು, ನೋಡಲಿಕ್ಕಲ್ಲ, ಮನುಷ್ಯರದೊಂದು ದನಿ ಇರಲೆಂದು. ಅದನ್ನು ಕೇಳಿದ ಅಕ್ಕ ದೂರದೂರಿನಿಂದ ಈ ಕಲಿಂಬಾ ಕಳಿಸಿದ್ದಳು. ಪುಸ್ತಕದಷ್ಟು ಅಗಲದ ಮರದ ಪೆಟ್ಟಿಗೆ, ಅದರ ಮೇಲೆ ಹದಿನೇಳು ಉಕ್ಕಿನ ಕಡ್ಡಿ. "ಮಾತಾಡೋಕೆ ಯಾರೂ ಇಲ್ಲ ಅಂತೀಯಲ್ಲೇ, ಹೆಬ್ಬೆರಳಲ್ಲಿ ಇದನ್ನಾದ್ರೂ ಮಾತಾಡಿಸು," ಎಂದಿದ್ದಳು.

ಮೇಜಿನ ಬಳಿ ಎರಡು ಕುರ್ಚಿಗಳಿದ್ದವು. ಎರಡನೆಯದರ ಮೇಲೆ ಇಸ್ತ್ರಿಗೆ ಕಾದಿದ್ದ ಬಟ್ಟೆ. ಅದನ್ನೆಲ್ಲ ಬಾಚಿ ಮಂಚಕ್ಕೆಸೆದು ಅವನಿಗೆ ಜಾಗ ಮಾಡಿದಳು.

"ನೋಡಿ, ಕೆಳಗಿಂದ ಮೇಲಕ್ಕೆ ತಟ್ಟಿದ್ರೆ ಕಡ್ಡಿ ಗಿಡ್ಡ ಆಗುತ್ತೆ, ಸ್ವರ ಏರುತ್ತೆ. ಮೇಲಿಂದ ತಟ್ಟಿದ್ರೆ ಇಳಿಯುತ್ತೆ. ಮೆಲ್ಲಗೆ, ಮಗು ಬೆನ್ನು ತಟ್ಟಿದ ಹಾಗೆ."

ಟಕ್, ಟಕ್. ಅವಳು ಮೀಟಿದಳು. ಸ್ವರ ಸರಿಯಾಗಿ ಬಂದು ಕೂತಿತು.

"ಉಳಿದದ್ದನ್ನ ಮುಂದಿನ ವಾರ ನೋಡೋಣ?" ಎಂದ ಅವನು.

ಹದಿನೇಳು ಕಡ್ಡಿಗೆ ನಾಲ್ಕು ಭಾನುವಾರ ಬೇಕಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅವಳು ಮಾತಾಡಲು ಶುರು ಮಾಡಿದರೆ ಅವನು ಸುತ್ತಿಗೆ ಕೆಳಗಿಡುತ್ತಿದ್ದ. ನೋಟ ಅವಳ ಕಣ್ಣಿಗೆ ಬಂದು, ಅಲ್ಲಿ ನಿಲ್ಲದೆ, ತುಟಿಗಿಳಿಯುತ್ತಿತ್ತು. ಒಂದಕ್ಷರವೂ ಚೆಲ್ಲಿಹೋಗಬಾರದೆಂಬಂತೆ ಅಲ್ಲೇ ಉಳಿಯುತ್ತಿತ್ತು. ಅವಳಿಗೆ ಕೆನ್ನೆ ಬಿಸಿಯಾಗಿ ಮಾತು ತೊದಲುತ್ತಿತ್ತು. ಮೂರನೆಯ ಭಾನುವಾರ ಹಳೆಯ ಲಿಪ್‌ಸ್ಟಿಕ್ ಹುಡುಕಿದಳು. ಮುಚ್ಚಳ ಅಂಟಿಕೊಂಡಿತ್ತು, ಹಲ್ಲಿನಲ್ಲಿ ಕಚ್ಚಿ ತೆಗೆಯಬೇಕಾಯಿತು.

ನಾಲ್ಕನೆಯ ಭಾನುವಾರ ಉಳಿದದ್ದು ಅಂಚಿನ ಗಿಡ್ಡ ಕಡ್ಡಿಗಳು. ಎಲ್ಲಕ್ಕಿಂತ ಸಣ್ಣ, ಚೂಪು ದನಿಯವು. ಅವಳು ಫೋನಿನಲ್ಲಿ ಟ್ಯೂನರ್ ಆ್ಯಪ್ ತೆರೆದಳು.

"ಅದೆಲ್ಲ ಯಾಕೆ? ಕಿವಿ ಇದೆಯಲ್ಲ," ಎಂದು ಅವನು ಕಡ್ಡಿಯನ್ನು ತಟ್ಟಿದ.

ಮೀಟಿದಳು. ತಟ್ಟೆಗೆ ಚಾಕು ಗೀರಿದಂತಾಯಿತು. ಸ್ವರ ತಪ್ಪಿದೆಯೆಂದು ಫೋನಿನಲ್ಲಿ ಕೆಂಪು ಗೆರೆ.

"ಸರಿ ಇದೆ," ಎಂದ ಅವನು.

"ನನ್ನ ಕಿವಿ ಮೇಲೆ ಹೂ ಇಡ್ತಿದೀರಾ?"

ಅವನು ನಕ್ಕು ಇನ್ನೊಮ್ಮೆ ತಟ್ಟಿದ. ಅವಳಿಗೇನನ್ನಿಸಿತೋ, ಈ ಸಲ ಕಡ್ಡಿಗೆ ತಾಗಿಸದೆ ಬೆರಳನ್ನು ಗಾಳಿಯಲ್ಲೇ ಆಡಿಸಿದಳು.

"ಹಾಂ, ಈಗ ಇನ್ನೂ ಚೆನ್ನಾಗಿದೆ."

ಅವಳು ಬೆರಳನ್ನು ಹಿಂದಕ್ಕೆಳೆದುಕೊಂಡಳು. "ನಾನು ಮುಟ್ಟಲೇ ಇಲ್ಲ."

ಅವನ ಮುಖದ ನಗು ಹಾಗೇ ಉಳಿದು, ನಿಧಾನಕ್ಕೆ ಇಳಿಯಿತು.

"ಇಪ್ಪತ್ತು ವರ್ಷ ಲಿಫ್ಟಿನ ಮೋಟಾರ್ ಪಕ್ಕದಲ್ಲೇ ಕೆಲಸ," ಎಂದ ಕೊನೆಗೆ. "ಸಣ್ಣ ದನಿಗಳೆಲ್ಲ ಒಂದೊಂದಾಗಿ ಹೋದವು. ಜನ ಮಾತಾಡಿದ್ರೂ ಅರ್ಧಂಬರ್ಧ. ಉಳಿದದ್ದನ್ನ ತುಟಿ ನೋಡಿ ಹೊಂದಿಸ್ಕೋತೀನಿ. ಕಂಪನಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಿಲ್ಲ."

ಅಷ್ಟು ಮಾತಿನಲ್ಲಿ ಅವಳಿಗೆ ಕೇಳಿಸಿದ್ದು ಒಂದೇ ಪದ. ತುಟಿ. ಹಾಗಾದರೆ ಅದಕ್ಕೇ. ನಾಲ್ಕು ವಾರ ತಾನು ಏನೇನೋ ಅಂದುಕೊಂಡಿದ್ದಳು, ಬಣ್ಣ ಹಚ್ಚಿಕೊಂಡಿದ್ದಳು; ಅವನಿಗೆ ಆ ತುಟಿ ಬರೀ ಓದುವ ಪುಟ. ನಾಚಿಕೆಯಿಂದ ಕುಗ್ಗಿಹೋದಳು. ಎದ್ದು ಕಿಟಕಿಯ ಬಳಿ ನಿಂತು, ಕೈಯ ಹಿಂಬದಿಯಿಂದ ತುಟಿಯನ್ನು ಒರೆಸಿಕೊಂಡಳು.

"ಮೊದಲೇ ಹೇಳಬೇಕಿತ್ತು," ಎಂದು ಹಿಂದಿನಿಂದ ಅವನ ದನಿ. "ನಿಮಗೆ ಬೇಜಾರು ಮಾಡಿದೆ. ಇನ್ನು ಬರಲ್ಲ."

ಕುರ್ಚಿ ಸರಿದ ಸದ್ದು.

"ಹೋಗಬೇಡಿ," ಎಂದಳು ಕಿಟಕಿಯ ಗಾಜಿಗೆ. "ನೀವು ಯಾವುದಕ್ಕೆ ನೋಡಿದ್ರೂ ಸರಿ. ವಾರವೆಲ್ಲ ನಾನು ಕಾಯೋದು ಭಾನುವಾರಕ್ಕೆ ಮಾತ್ರ. ಹೋಗಬೇಡಿ."

ಹಿಂದೆ ಬಾಗಿಲು ಮುಚ್ಚಿತು.

ತನ್ನ ಮಾತಿಗೆ ಬೆಲೆಯೇ ಇಲ್ಲವೇ ಅನ್ನಿಸಿತು. ಆಮೇಲೆ ಹೊಳೆಯಿತು: ತಾನು ಬೆನ್ನು ತಿರುಗಿಸಿ ಹೇಳಿದ್ದಳು.

ಬರಿಗಾಲಲ್ಲೇ ಓಡಿದಳು. ಕಾರಿಡಾರಿನಲ್ಲಿ ಅವನು ತನ್ನ ಬಾಗಿಲಿಗೆ ಕೀಲಿಕೈ ಹಾಕುತ್ತಿದ್ದ. ಅವನಿಗೂ ಬಾಗಿಲಿಗೂ ನಡುವೆ ಹೋಗಿ ನಿಂತಳು. ಗಾಜಿಗೆ ಹೇಳುವುದು ಸುಲಭವಿತ್ತು. ಮುಖಕ್ಕೆ ಹೇಳುವಾಗ ಉಸಿರು ಸಾಲಲಿಲ್ಲ.

"ಹೋಗಬೇಡಿ ಅಂದೆ. ನಿಮಗೆ ಕೇಳಿಸ್ಲಿಲ್ಲ."

ಅವನು ಅವಳ ತುಟಿಯನ್ನು ನೋಡಿದ. ಬಣ್ಣ ಕೆನ್ನೆಯವರೆಗೆ ಹರಡಿತ್ತು.

"ಮೊದಲನೇ ಭಾನುವಾರ ನೋಡಿದ್ದು ಕೇಳಿಸ್ಕೊಳ್ಳೋಕೆ," ಎಂದ ಮೆಲ್ಲಗೆ. "ಆಮೇಲಿನದೆಲ್ಲ ಸುಮ್ಮನೆ ನೋಡಿದ್ದು."

ಅವಳಿಗೆ ಅಳು, ನಗು ಒಟ್ಟಿಗೇ ಬಂದವು. "ನಾಳೆ ರಜಾ ಹಾಕ್ತೀನಿ. ಕಿವಿ ಡಾಕ್ಟರ ಹತ್ರ ಹೋಗೋಣ, ಇಬ್ಬರೂ. ಕೆಲಸದ ವಿಷಯ ಆಮೇಲೆ ಯೋಚಿಸೋಣ."

ಅವನು ಹೂಂ ಎಂದ. ಕೀಲಿಕೈಯನ್ನು ಜೇಬಿಗೆ ಹಾಕಿದ.

"ಆ 'ಹೋಗಬೇಡಿ' ಅನ್ನೋದನ್ನ ಇನ್ನೊಂದು ಸಲ ಹೇಳಿ."

"ಯಾಕೆ, ಈಗಲೂ ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದ ಅವನು.